ರೈಬೋಸೋಮಿನ ದಂಟು

ಕುಂದಗೋಳ
೧೨ ಆಗಸ್ಟ್ ೧೯೮೬

ರೇಣುಕಾ,

ಮದುವೆಯಾಗಿ ಮೂರು ತಿಂಗಳಾಯಿತು, ಇನ್ನೂ ನನ್ನ ಕೈಯಿಂದ ಅಸಿಟೋನ್ ವಾಸನೆ ಹೋಗಿಲ್ಲವೆಂದು ಇವರು ಗೊಣಗುತ್ತಾರೆ. ಅದು ಸುಳ್ಳು, ಈಗ ಬರುವುದು ಒಗ್ಗರಣೆ ವಾಸನೆ. ಆದರೂ ಅವರು ಹಾಗೆ ಅಂದಾಗ ಒಳಗೊಳಗೇ ಖುಷಿಯಾಗುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನಿನ್ನೆ ಜೋಳ ಹಸನು ಮಾಡುತ್ತ ಕೂತಾಗ ಅತ್ತೆ ಕಸ್ತೂರೆವ್ವ, ಪುಣೆಯಲ್ಲಿ ಅಷ್ಟು ವರ್ಷ ಏನು ಮಾಡಿದಿ ಎಂದು ಕೇಳಿದರು. ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಗಿರಣಿಗಳಿರುತ್ತವೆ, ಅವಕ್ಕೆ ರೈಬೋಸೋಮ್ ಎನ್ನುತ್ತಾರೆ, ಒಂದೊಂದರ ನೆತ್ತಿಯ ಮೇಲೂ ಜೋಳದ ದಂಟಿನಂಥದ್ದು ನಿಂತಿರುತ್ತದೆ ಎಂದೆ. ಬ್ರೆಡ್ ಉಬ್ಬಿಸುವ ಯೀಸ್ಟ್ ಬೆಳೆಸಿ, ಅದನ್ನು ಒಡೆದು, ಗಿರಣಿಗಳನ್ನು ಬೇರೆ ಮಾಡಿ, ಉಪ್ಪು ಬೆರೆಸಿದ ತಣ್ಣನೆಯ ಆಲ್ಕೋಹಾಲಿನಲ್ಲಿ ತೊಳೆದರೆ ದಂಟಿನ ಪ್ರೋಟೀನು ಕಳಚಿಕೊಂಡು ಬರುತ್ತದೆ. ಆಗ ಗಿರಣಿ ನಿಲ್ಲುತ್ತದೆ. ಅದೇ ಪ್ರೋಟೀನನ್ನು ಮರಳಿ ಬೆರೆಸಿದರೆ ಮತ್ತೆ ಓಡುತ್ತದೆ. ಹಾಗೆ ಓಡಿಸಿ ತೋರಿಸಿದವಳು ನಿಮ್ಮ ಸೊಸೆ ಎಂದೆ. ಅತ್ತೆ ಮೊರ ಕೆಳಗಿಟ್ಟು, "ಓಡೂ ಗಿರಣಿ ನಿಲ್ಲಿಸಿ ಮತ್ತ ಓಡಿಸಾಕ ನಾಲ್ಕು ವರ್ಷ ಬೇಕಾತೇನವ್ವಾ?" ಅಂದರು. ನಮ್ಮ ಪ್ರಯೋಗಾಲಯದ ಸೆಮಿನಾರಿನಲ್ಲಿ ಇಂಥ ಪ್ರಶ್ನೆ ಯಾರೂ ಕೇಳಲಿಲ್ಲ ನೋಡು.

ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಪುಣೆಗೆ ಕಳಿಸುವುದಾಗಿ ಮಾವ ಕುಬೇರಪ್ಪನವರು ಮದುವೆಯ ಮಾತುಕತೆಯಲ್ಲೇ ಒಪ್ಪಿದ್ದರು. ಉಳಿದಿರುವುದು ಒಂದೇ ಅಧ್ಯಾಯ, ಗಿರಣಿ ಮತ್ತೆ ಓಡಿದ ಅಧ್ಯಾಯ. ಅದನ್ನು ಬರೆದು ಥೀಸಿಸ್ ಒಪ್ಪಿಸಿದರೆ ನಾನು ಡಾಕ್ಟರ್ ನೀಲಕ್ಕ. ಇವರು ತಮ್ಮ ಬೀಜದ ಅಂಗಡಿಯ ಫಲಕದ ಮೇಲೆ ನನ್ನ ಹೆಸರನ್ನೂ ಬರೆಸುತ್ತಾರಂತೆ. ಜನ ಕೆಮ್ಮಿಗೆ ಔಷಧಿ ಕೇಳಿಕೊಂಡು ಬರುತ್ತಾರೆ, ಬೇಡ ಎಂದಿದ್ದೇನೆ.

ನನ್ನ ಮೇಜು ಯಾರಿಗೂ ಬಿಟ್ಟುಕೊಡಬೇಡ. ತಿರ್ಲಾಪುರದಲ್ಲಿ ನಿನ್ನ ಅವ್ವ ಹೇಗಿದ್ದಾಳೆ, ಬರೆ.

ನಿನ್ನ
ನೀಲಕ್ಕ


ಪುಣೆ
೩ ಸೆಪ್ಟೆಂಬರ್ ೧೯೮೬

ನೀಲಕ್ಕ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರಾಗಬೇಡ. ಅವ್ವ ಚೆನ್ನಾಗಿದ್ದಾಳೆ. ಹತ್ತಿ ಹೊಲದಲ್ಲಿ ಕಳೆ ಕೀಳಲು ಹೋಗಬೇಡ, ನನ್ನ ಫೆಲೋಶಿಪ್ಪಿನಿಂದ ಕಳಿಸುತ್ತೇನಲ್ಲ ಎಂದರೆ ಕೇಳುವುದಿಲ್ಲ.

ನಿನ್ನ ಪ್ರಯೋಗವನ್ನು ನಾನೂ ಮಾಡುತ್ತಿದ್ದೇನೆ. ನನ್ನ ಕೆಲಸಕ್ಕೆ ತಳಹದಿಯಾಗುತ್ತದೆ ಎಂದು ನಮ್ಮ ಗೈಡ್ ಸರ್ ಹೇಳಿದರು. ನಾನು ಈ ಪ್ರಯೋಗಾಲಯ ಸೇರುವ ಹೊತ್ತಿಗೆ ನೀನು ಅದನ್ನು ಮುಗಿಸಿಬಿಟ್ಟಿದ್ದೆ, ನಿನ್ನ ಕೈಯಿಂದ ನೋಡಿ ಕಲಿಯಲಾಗಲಿಲ್ಲ. ನೀನು ಬರೆದಿಟ್ಟ ಹಾಗೇ ಮಾಡುತ್ತಿದ್ದೇನೆ. ಯೀಸ್ಟ್ ಚೆನ್ನಾಗಿ ಸಿಗುತ್ತಿದೆ, ಒಂದೊಂದು ಸಲಕ್ಕೂ ನಿನಗೆ ಸಿಗುತ್ತಿದ್ದುದಕ್ಕಿಂತ ದುಪ್ಪಟ್ಟು. ಗಾಜಿನ ಮಣಿಗಳಲ್ಲಿ ಒಡೆಯುವುದು, ಸೆಂಟ್ರಿಫ್ಯೂಜಿನಲ್ಲಿ ರೈಬೋಸೋಮ್ ಇಳಿಸುವುದು, ತೊಳೆಯುವುದು ಎಲ್ಲ ಸರಿ. ಮೊದಲೇ ಮಂದವಾಗಿ ಓಡುವ ಗಿರಣಿ ತೊಳೆದ ಮೇಲೆ ನಿಲ್ಲುತ್ತದೆ. ಕಳಚಿ ಬಂದ ಪ್ರೋಟೀನನ್ನು ಮರಳಿ ಹಾಕಿದರೆ ಓಡುವುದಿಲ್ಲ.

ಏನು ಬಿಟ್ಟಿದ್ದೇನೆ ಎಂದು ತಿಳಿಯುತ್ತಿಲ್ಲ. ನಿನಗೆ ನೆನಪಿದ್ದಷ್ಟು, ಎಷ್ಟು ಸಣ್ಣ ಸಂಗತಿಯಾದರೂ ಸರಿ, ಬರೆ.

ರೇಣುಕಾ


ಕುಂದಗೋಳ
೧೫ ಸೆಪ್ಟೆಂಬರ್ ೧೯೮೬

ರೇಣಿ,

ನಿನ್ನ ಪತ್ರ ಓದಿ ನಕ್ಕೆ. ನಿನ್ನ ಕೈ ಭಾರ ಮಾರಾಯ್ತಿ, ನಾನು ಆಗಲೇ ಹೇಳಿದ್ದೆ. ದಂಟಿನ ಪ್ರೋಟೀನು ಮಹಾ ನಾಜೂಕು. ಹೊಸ ಸೊಸೆಯ ಹಾಗೆ, ತುಸು ಜೋರು ಮಾಡಿದರೆ ಮುನಿಸಿಕೊಂಡು ಕೂರುತ್ತದೆ.

ಮೊದಲನೆಯದು, ಆಲ್ಕೋಹಾಲು ಬರ್ಫದಲ್ಲಿ ತಾಸುಗಟ್ಟಲೆ ಕೂತಿರಬೇಕು. ನೀನು ಅವಸರದವಳು, ಅರೆತಣ್ಣಗಿದ್ದಾಗಲೇ ಹಾಕುತ್ತೀ. ಎರಡನೆಯದು, ತೊಳೆದ ಮೇಲೆ ಮೇಲಿನ ತಿಳಿಯನ್ನು ಚೆಲ್ಲಬೇಡ, ನಮಗೆ ಬೇಕಾದದ್ದು ಅದರಲ್ಲೇ ಇರುವುದು. ನಗಬೇಡ, ನನಗಿಂತ ಮೊದಲಿದ್ದ ಹುಡುಗ ಒಂದಿಡೀ ಬೇಸಿಗೆ ಅದನ್ನೇ ಮೋರಿಗೆ ಸುರಿದಿದ್ದ. ಆ ತಿಳಿಗೆ ಅಸಿಟೋನ್ ಹಾಕಿ ಪ್ರೋಟೀನ್ ಇಳಿಸುವಾಗ ಕೈ ನಡುಗಬಾರದು. ಮೆಗ್ನೀಶಿಯಂ ಹೊಸದಾಗಿ ತೂಗಿಕೋ. ಗಾಜಿನ ಸಾಮಾನು ನೀನೇ ತೊಳೆ, ಬೇರೆಯವರನ್ನು ನಂಬಬೇಡ.

ದುಪ್ಪಟ್ಟು ಯೀಸ್ಟ್ ಸಿಗುತ್ತದೆಯೇ? ಶಾಬ್ಬಾಸ್. ನನಗೆ ಯಾವತ್ತೂ ಅಷ್ಟು ಸಿಗಲಿಲ್ಲ. ಅಡಿಪಾಯ ನಿನ್ನದು ಗಟ್ಟಿಯಿದೆ, ಮೇಲಿನ ನಯ ಸಾಲದು. ನಾನು ಬಂದಾಗ ಪಕ್ಕದಲ್ಲಿ ನಿಂತು ಕಲಿಸುತ್ತೇನೆ.

ಮಾವನವರು ಸ್ಟೇಷನ್ನಿನ ಬಾಜು ಚಹಾದ ಅಂಗಡಿಯಲ್ಲಿ ಕೂತು, "ನಮ್ಮ ಸೊಸಿ ಸಂಶೋಧನಾ ಪರದೇಶದ ಪತ್ರಿಕಾದಾಗ ಬಂದೈತ್ರಿ" ಎಂದು ಬಂದವರಿಗೆಲ್ಲ ಹೇಳುತ್ತಾರಂತೆ. ಕೇಳಿದವರು, ಫೋಟೋನೂ ಬಂದೈತೇನ್ರಿ ಎನ್ನುತ್ತಾರಂತೆ.

ನೀಲಕ್ಕ


ಪುಣೆ
೨೦ ಅಕ್ಟೋಬರ್ ೧೯೮೬

ನೀಲಕ್ಕ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ತಿಳಿಯನ್ನು ನಾನು ಯಾವತ್ತೂ ಚೆಲ್ಲಿಲ್ಲ, ಅಷ್ಟು ದಡ್ಡಿಯಲ್ಲ. ಗಿರಣಿ ಓಡಲಿಲ್ಲ.

ಒಂದು ಕೇಳಬೇಕು. ನಿನಗೆ ಯಾವತ್ತಾದರೂ ಇದು ಕೈಕೊಟ್ಟಿತ್ತೇ? ಕೈಕೊಟ್ಟಿದ್ದನ್ನು ಬಿಟ್ಟು, ಓಡಿದ್ದನ್ನಷ್ಟೇ ಬರೆದಿರಬಹುದೇ? ತಪ್ಪು ಎನ್ನುತ್ತಿಲ್ಲ, ಎಲ್ಲರೂ ಅಷ್ಟಿಷ್ಟು ಹಾಗೆ ಮಾಡುತ್ತಾರೆ. ಹಾಗಿದ್ದರೆ ಈಗಲೇ ನನಗೆ ಹೇಳಿಬಿಡು.

ದೀಪಾವಳಿಗೆ ಊರಿಗೆ ಹೋಗುತ್ತಿಲ್ಲ.

ರೇಣುಕಾ


ಕುಂದಗೋಳ
೫ ನವೆಂಬರ್ ೧೯೮೬

ರೇಣುಕಾ,

ನಿನ್ನ ಪ್ರಶ್ನೆ ನನಗೆ ಹಿಡಿಸಲಿಲ್ಲ. ಒಂದು ಸಲವೂ ಕೈಕೊಡಲಿಲ್ಲ. ಗಿರಣಿ ಓಡಿದೆಯೋ ಇಲ್ಲವೋ ಎಂದು ಎಣಿಸುವ ಯಂತ್ರ ನನ್ನದಲ್ಲ, ಪ್ರಯೋಗಾಲಯದ್ದು. ಅದರ ಕಾಗದದ ಸುರುಳಿಗಳೆಲ್ಲ ಅಲ್ಲೇ ಕಪಾಟಿನಲ್ಲಿವೆ, ತೆಗೆದು ನೋಡು. ನಿನ್ನಿಂದ ಆಗದ್ದು ನನ್ನಿಂದ ಆಗಿದ್ದು ಅಷ್ಟು ಕಹಿಯಾಯಿತೇ?

ಕೋಪ ಬಿಡುತ್ತೇನೆ, ನಿನ್ನಿಂದ ಒಂದು ಕೆಲಸವಾಗಬೇಕಿದೆ. ಸರ್‌ಗೆ ಎರಡು ಪತ್ರ ಬರೆದೆ. ಜನವರಿಯಲ್ಲಿ ಬಾ ಎಂದು ನಾಲ್ಕು ಸಾಲು ಬರೆದು ಕಳಿಸಿ ಎಂದು ಬೇಡಿಕೊಂಡೆ. ಉತ್ತರವಿಲ್ಲ. ಮನೆಯಲ್ಲಿ ಗಾಳಿ ಬದಲಾಗುತ್ತಿದೆ. ಇವರು ಬೇಡ ಎನ್ನುವುದಿಲ್ಲ, ಹ್ಞೂಂ ಅಂತಲೂ ಅನ್ನುವುದಿಲ್ಲ. ಮಾವನವರು, "ನಿಮ್ಮ ಸಾಹೇಬರ ಪತ್ರ ಬರ್ಲಿ, ಅವತ್ತ ಕಳಸೂಣು" ಎನ್ನುತ್ತಾರೆ. ಮಾತಿಗೆ ತಪ್ಪುವವರಲ್ಲ ಅವರು, ಆದರೆ ಪತ್ರ ಬೇಕು. ಅದಿಲ್ಲದಿದ್ದರೆ ನಾನಾಗಿ ಹಟ ಹಿಡಿದಂತಾಗುತ್ತದೆ, ಹೊಸದಾಗಿ ಬಂದವಳ ಹಟ ಎಷ್ಟು ದಿನ ನಡೆದೀತು?

ನೀನು ಸರ್ ಕೋಣೆಗೆ ಹೋಗಿ, ಎದುರು ನಿಂತು, ಬರೆಸಿಕೊಂಡು ಬಾ. ನನಗೆ ಭಯವಾಗುತ್ತಿದೆ.

ನೀಲಕ್ಕ


ಪುಣೆ
೧ ಡಿಸೆಂಬರ್ ೧೯೮೬

ನೀಲಕ್ಕ,

ಸರ್ ಪತ್ರ ಬರೆಯುವುದಿಲ್ಲ. ಅದರ ಕಾರಣವನ್ನು ಆಗಸ್ಟಿನಲ್ಲೇ ನಿನಗೆ ಹೇಳಬೇಕಿತ್ತು.

ಪರದೇಶದ ಒಂದು ಪ್ರಯೋಗಾಲಯದವರು ನೀನು, ಸರ್ ಇಬ್ಬರೂ ಬರೆದ ಲೇಖನ ಓದಿ, ಹಾಗೆಯೇ ಮಾಡಿ ನೋಡಿ, ನಮಗೆ ಬರಲಿಲ್ಲ ಎಂದು ಸರ್‌ಗೆ ಬರೆದರು. ಅವರ ಮಾತಿಗೆ ಸರ್ ನಡುಗಿಹೋದರು. ನೀನೇ ಮಾಡಿ ನೋಡು ಎಂದು ನನಗೆ ಹೇಳಿದರು. ನೀಲಕ್ಕನಿಗೆ ತಿಳಿಸಬಾರದು, ತಿಳಿಸಿದರೆ ಅವಳು ನೆಪ ಹುಡುಕುತ್ತಾಳೆ ಎಂದರು. ನನ್ನ ಕೆಲಸದ ತಳಹದಿ ಎಂದು ನಾನು ಬರೆದದ್ದು ಸುಳ್ಳು. ನಾನು ಪರೀಕ್ಷೆ ಮಾಡುತ್ತಿದ್ದುದು ನಿನ್ನನ್ನು.

ನಾನು ಬೇಕೆಂದು ಕೆಡಿಸಲಿಲ್ಲ. ಓಡಲಿ ಎಂದು ಹರಕೆ ಹೊತ್ತು ಮಾಡಿದೆ. ಓಡಲಿಲ್ಲ. ಕೊನೆಗೆ ಸರ್ ಒಂದು ವರದಿ ಸಿದ್ಧಪಡಿಸಿ ಎದುರಿಗಿಟ್ಟರು. ನೀಲಕ್ಕ ಬರೆದಿಟ್ಟ ವಿಧಾನವನ್ನು ಚಾಚೂ ತಪ್ಪದೆ ಅನುಸರಿಸಿದರೂ ಫಲಿತಾಂಶ ಬರಲಿಲ್ಲ, ದಾಖಲಿಸಿದ ಅಂಕಿಗಳು ನಂಬಲರ್ಹವಲ್ಲ ಎಂದು ಅದರಲ್ಲಿತ್ತು. ಸಹಿ ಮಾಡದಿದ್ದರೆ ಬರುವ ವರ್ಷದ ಫೆಲೋಶಿಪ್ ಕಾಗದಕ್ಕೆ ಅವರು ಸಹಿ ಮಾಡುವುದಿಲ್ಲ. ಹಾಗೆಂದು ಅವರು ಹೇಳಲಿಲ್ಲ, ಎರಡೂ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟರು. ನಾನು ಸಹಿ ಮಾಡಿದೆ. ಲೇಖನ ಹಿಂತೆಗೆದುಕೊಂಡಿದ್ದಾರೆ. ನಿನ್ನ ನೋಂದಣಿ ರದ್ದಾಗಿದೆ. ವಿಶ್ವವಿದ್ಯಾಲಯದಿಂದ ರಿಜಿಸ್ಟರ್ ಪತ್ರ ಬರುತ್ತದೆ, ಅದಕ್ಕಿಂತ ಮೊದಲು ಇದು ನಿನ್ನ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ನಿನ್ನ ಮದುವೆಗೆ ಬಂದಾಗ ಪುಣೆಯ ಉಳಿದವರೆಲ್ಲ ಚಪ್ಪರದ ಪಂಕ್ತಿಯಲ್ಲಿ ಕೂತರು. ನನ್ನ ಊರು, ಓಣಿ, ಅಪ್ಪನ ಹೆಸರು ಕೇಳಿದ ಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅಲ್ಲಿ ಎಲೆ ಹಾಕಿದರು. ನೀನು ಕಿಟಕಿಯಿಂದ ನೋಡಿದೆ. ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿದೆ. ಇಷ್ಟು ದಿನ ನಾನು ಇದನ್ನು ಎತ್ತಲಿಲ್ಲ. ಆ ಸಿಟ್ಟಿಗೆ ಸಹಿ ಮಾಡಿದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ ಎಂದುಕೊಂಡಿದ್ದೇನೆ, ಆದರೆ ಖಾತ್ರಿಯಿಲ್ಲ.

ರೇಣುಕಾ


ಕುಂದಗೋಳ
೨೮ ಜನವರಿ ೧೯೮೭

ರೇಣುಕಾ ಅವರಿಗೆ,

ನಿಮ್ಮ ಪತ್ರವೂ ವಿಶ್ವವಿದ್ಯಾಲಯದ್ದೂ ಒಂದೇ ದಿನ ಬಂದವು. ಅಂಚೆಯವನು ಎರಡನ್ನೂ ಬೀಜದ ಅಂಗಡಿಯಲ್ಲಿ ಕೊಟ್ಟು ಹೋದ. ಇವರು ಒಡೆದು ಓದಿದರು, ಆಮೇಲೆ ಮಾವನವರು ಓದಿದರು. ಮನೆಯಲ್ಲಿ ಯಾರೂ ದನಿ ಎತ್ತರಿಸಲಿಲ್ಲ. ಬೈದಿದ್ದರೆ ನಾನು ಜಗಳಾಡುತ್ತಿದ್ದೆ. ಮಾವನವರು ನನ್ನನ್ನು ಕರೆದು, "ಆಗಿದ್ದಾತು ಬಿಡವ್ವಾ. ಸಣ್ಣಾಕಿ, ಏನೋ ಬರದಿ. ಮನಿ ಸೊಸಿ ಅದಿ, ಯಾರೂ ಏನೂ ಅನ್ನೂದಿಲ್ಲ" ಅಂದರು. ನಾನು ಮಾಡದ ತಪ್ಪನ್ನು ಕ್ಷಮಿಸಿಬಿಟ್ಟರು. ಇಲ್ಲ ಮಾವ, ಅದು ಖರೇನೇ ಇತ್ತು ಎಂದೆ. "ಹೌದವ್ವಾ, ಹೌದು" ಅಂದರು, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ಅಂದಿನಿಂದ ಅವರು ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ.

ಡಿಸೆಂಬರ್ ಪೂರ್ತಿ ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಕೊನೆಕೊನೆಗೆ ನನಗೇ ಅನುಮಾನ ಬಂತು. ಆ ಅಂಕಿಗಳನ್ನು ನಾನೇ ಕಲ್ಪಿಸಿಕೊಂಡೆನೇನೋ ಎಂದು ಅನ್ನಿಸುತ್ತಿತ್ತು. ನನ್ನ ಮೇಲೆ ನನಗೇ ನಂಬಿಕೆ ಹೋಗುವ ಸ್ಥಿತಿಗೆ ತಂದಿಟ್ಟವರು ನೀವು.

ಹಿತ್ತಲಿನ ಮಾತು ನಿಜ. ನಾನು ನೋಡಿದ್ದೆ.

ಈ ಪತ್ರ ಬರೆಯುವ ಮನಸ್ಸಿರಲಿಲ್ಲ. ಆದರೆ ಮೊನ್ನೆ ಮನೆಯವರೆಲ್ಲ ಸೀತನಿಯ ಎಳೆ ಜೋಳ ಸುಟ್ಟು ತಿನ್ನಲು ಹೊಲಕ್ಕೆ ಹೋದೆವು. ನನ್ನ ಮನಸ್ಸು ಹಗುರಾಗಲಿ ಎಂದು ಅತ್ತೆಯೇ ಹೊರಡಿಸಿದ್ದು. ಇವರ ಅಂಗಡಿಯ ಕೆಲಸದಿಂದಾಗಿ ಹೋಗುವುದು ತಡವಾಗಿತ್ತು. ಸಗಣಿ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ಬಡಿದರೆ ಹಾಲುಗಾಳು ಉದುರಲಿಲ್ಲ, ಕಲ್ಲಿನಂಥ ಜೋಳ ಉದುರಿತು. "ಹ್ವಾದ ವಾರ ಬಂದಿದ್ರ ಸಿಗತಿತ್ತು" ಎಂದು ಅತ್ತೆ ಗಂಡನ ಮೇಲೂ ಮಗನ ಮೇಲೂ ರೇಗಿದರು. ನಾನು ಕೈಯಲ್ಲಿ ಆ ಗಟ್ಟಿ ಕಾಳು ಹಿಡಿದು ಕೂತೇ ಬಿಟ್ಟೆ. ಬೆಳೆ ಅದೇ, ಹೊಲ ಅದೇ, ಕಿತ್ತ ವೇಳೆ ಮಾತ್ರ ಬೇರೆ.

ನೀವು ಯೀಸ್ಟನ್ನು ಯಾವಾಗ ತೆಗೆಯುತ್ತೀರಿ? ದುಪ್ಪಟ್ಟು ಸಿಗುತ್ತದೆ ಎಂದು ಬರೆದಿದ್ದಿರಿ, ನಾನು ಶಾಬ್ಬಾಸ್ ಎಂದೆ. ಎಂಥ ಮೂರ್ಖಳು ನಾನು. ದುಪ್ಪಟ್ಟು ಸಿಗಬೇಕಾದರೆ ಸಂಜೆ ಬಿತ್ತಿ ಬೆಳಗ್ಗೆ ತೆಗೆಯುತ್ತಿರಬೇಕು. ನಾನು ಬೆಳಗ್ಗೆ ಬಿತ್ತಿ, ಅದು ಭರದಿಂದ ಬೆಳೆಯುತ್ತಿರುವಾಗಲೇ ಮಧ್ಯಾಹ್ನ ತೆಗೆದುಬಿಡುತ್ತಿದ್ದೆ. ಹಾಸ್ಟೆಲಿನ ಗೇಟು ಸಂಜೆ ಏಳಕ್ಕೆ ಮುಚ್ಚುತ್ತಿತ್ತು, ಅಷ್ಟರೊಳಗೆ ಸೆಂಟ್ರಿಫ್ಯೂಜ್ ಮಾಡಿ, ಯೀಸ್ಟಿನ ಮುದ್ದೆಯನ್ನು ಶೀತಪೆಟ್ಟಿಗೆಯಲ್ಲಿಟ್ಟು ಓಡಬೇಕಿತ್ತು. ವಿಧಾನದಲ್ಲಿ ವೇಳೆ ಬರೆಯಲಿಲ್ಲ. ಹಾಸ್ಟೆಲಿನ ವೇಳೆಯನ್ನು ವಿಜ್ಞಾನದಲ್ಲಿ ಯಾರು ಬರೆಯುತ್ತಾರೆ? ನೀವು ಬಾಡಿಗೆ ಖೋಲಿಯಲ್ಲಿರುವವರು, ನಿಮಗೆ ಗೇಟಿಲ್ಲ.

ಬೆಳೆದು ಬಲಿತು ಸುಮ್ಮನಾದ ಯೀಸ್ಟು ತನ್ನ ಗಿರಣಿಗಳ ಮೇಲೆ ದಂಟಿನ ಪ್ರೋಟೀನನ್ನು ಹೆಚ್ಚಾಗಿ ಇಟ್ಟುಕೊಳ್ಳುವುದಿಲ್ಲ ಎಂದು ನನ್ನ ಊಹೆ. ಇದ್ದರೆ ತಾನೇ ಕಳಚಿ ಬರುವುದು? ನೀವು ಮರಳಿ ಹಾಕುತ್ತಿದ್ದ ತಿಳಿಯಲ್ಲಿ ಅದು ಇರಲೇ ಇಲ್ಲ. ಊಹೆಯಷ್ಟೇ. ಇಲ್ಲಿ ನನ್ನ ಬಳಿ ಏನೂ ಇಲ್ಲ. ಮಧ್ಯಾಹ್ನದ ಯೀಸ್ಟ್ ತೆಗೆದು ಒಮ್ಮೆ ಮಾಡಿ ನೋಡಿ. ಒಮ್ಮೆ ಮಾತ್ರ. ನಾನು ಸುಳ್ಳು ಬರೆದವಳಲ್ಲ ಎಂದು ನನಗಾದರೂ ಗೊತ್ತಾಗಬೇಕು.

ನೀಲಕ್ಕ


ಪುಣೆ
೨೬ ಫೆಬ್ರವರಿ ೧೯೮೭

ನೀಲಕ್ಕ,

ಗಿರಣಿ ಓಡಿತು.

ಎರಡು ಬಗೆಯ ಯೀಸ್ಟನ್ನೂ ಜೊತೆಜೊತೆಗೆ ಮಾಡಿದೆ. ರಾತ್ರಿಯಿಡೀ ಬೆಳೆದದ್ದರ ತಿಳಿಯಲ್ಲಿ ದಂಟಿನ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಮಧ್ಯಾಹ್ನದ್ದರಲ್ಲಿ ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ಲಿನ ಮೇಲೆ ಅದರ ಗೆರೆ ಎದ್ದು ಕಾಣುತ್ತದೆ. ಅದನ್ನು ಮರಳಿ ಹಾಕಿದಾಗ ನಿನ್ನ ಅಂಕಿಗಳೇ ಬಂದವು, ಹೆಚ್ಚುಕಡಿಮೆ ಅವೇ. ಎಣಿಸುವ ಯಂತ್ರದ ಮುಂದೆ ನಿಂತು ಅತ್ತುಬಿಟ್ಟೆ. ಮತ್ತೆ ಮಾಡಿದೆ, ಮತ್ತೆ ಬಂತು.

ಸರ್‌ಗೆ ತೋರಿಸಿದೆ. ಅಂಕಿಗಳನ್ನು ಒಂದೊಂದಾಗಿ ನೋಡಿದರು. ಯೀಸ್ಟಿನ ವಯಸ್ಸಿಗೂ ದಂಟಿಗೂ ಸಂಬಂಧವಿದೆ, ಇದು ಹೊಸ ಸಂಗತಿ, ಇದನ್ನೇ ನಿನ್ನ ಥೀಸಿಸ್ ಮಾಡು ಎಂದರು. ಹಾಗಾದರೆ ನೀಲಕ್ಕ ಎಂದೆ. ವೇಳೆ ಬರೆಯದಿದ್ದುದು ಅವಳ ತಪ್ಪು, ಬರೆಯದೆ ಬಿಟ್ಟದ್ದನ್ನು ಬೇರೆಯವರು ಹೇಗೆ ಮಾಡಿಯಾರು ಎಂದರು. ಹಿಂತೆಗೆದ ಲೇಖನವನ್ನು ಮತ್ತೆ ಅಚ್ಚುಹಾಕಿ ಎಂದು ಕೇಳಲು ತಾನು ಹೋಗುವುದಿಲ್ಲ ಎಂದರು.

ಒಂದು ದಾರಿ ಇದೆ. ನನ್ನ ವರದಿ ತಪ್ಪು, ವಿಧಾನವನ್ನು ಚಾಚೂ ತಪ್ಪದೆ ಅನುಸರಿಸಿದೆ ಎಂದದ್ದು ನಿಜವಲ್ಲ, ಹೆಚ್ಚು ಸಿಗಲಿ ಎಂದು ರಾತ್ರಿಯಿಡೀ ಬೆಳೆಸಿದೆ ಎಂದು ನಾನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಬರೆಯಬಹುದು. ನಿನ್ನ ನೋಂದಣಿಯನ್ನು ಮರಳಿ ಪರಿಗಣಿಸಬಹುದು, ಪರಿಗಣಿಸದೆಯೂ ಇರಬಹುದು. ನನ್ನದು ಹೋಗುವುದಂತೂ ಖಚಿತ. ಆಮೇಲೆ ಫೆಲೋಶಿಪ್ಪೂ ಇಲ್ಲ, ಅವ್ವನಿಗೆ ಕಳಿಸುವುದೂ ಇಲ್ಲ. ತಿರ್ಲಾಪುರದ ನಮ್ಮ ಓಣಿಯಿಂದ ಇಷ್ಟು ದೂರ ಬಂದವಳು ನಾನೊಬ್ಬಳೇ ಎಂದು ನಿನಗೆ ಗೊತ್ತು.

ಪತ್ರ ಬರೆದು ಇಟ್ಟಿದ್ದೇನೆ. ಕಳಿಸಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ.

ರೇಣುಕಾ


ಕುಂದಗೋಳ
೧೨ ಮಾರ್ಚ್ ೧೯೮೭

ರೇಣುಕಾ,

ಗಿರಣಿ ಓಡಿತು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಓದಿದೆ, ರೊಟ್ಟಿ ಸೀದುಹೋಯಿತು. ಹುಚ್ಚಿಯ ಹಾಗೆ ನಗುತ್ತಿದ್ದೆನಂತೆ, ಅತ್ತೆ ಹೆದರಿ ಇವರನ್ನು ಅಂಗಡಿಯಿಂದ ಕರೆಸಿದರು. ನಾನು ಬರೆದದ್ದು ಖರೇ ಆಯಿತು ಎಂದೆ. ಇವರು, "ಹಂಗಾರ ಪುಣೆಕ್ಕ ಹೋಗಾಕ ಬರ್ತದೇನು?" ಎಂದು ಕೇಳಿದರು. ಇಲ್ಲ ಎಂದೆ. "ಡಾಕ್ಟರ್ ಪದವಿ ಕೊಡ್ತಾರೇನು?" ಇಲ್ಲ. ನನ್ನ ಗಂಡ ಈರಬಸಪ್ಪ ಕೆಟ್ಟ ಮನುಷ್ಯನಲ್ಲ. ಸೀದ ರೊಟ್ಟಿಯನ್ನು ಹೆಂಚಿನಿಂದ ತೆಗೆದಿಟ್ಟು, "ಮತ್ತ ಏನ್ ಆದಂಗಾತು?" ಅಂದರು. ಅವರು ಮತ್ತೆ ಅಂಗಡಿಗೆ ಹೋದರು.

ಸುಳ್ಳು ಎನಿಸಿಕೊಂಡಾಗ ಅದು ನನ್ನ ಹೆಸರಿನಲ್ಲಿತ್ತು. ಖರೇ ಆದ ಮೇಲೆ ನಿನ್ನ ಹೆಸರಿಗೆ ಹೋಯಿತು. ನಿನ್ನ ಥೀಸಿಸ್ ಚೆನ್ನಾಗಿ ಬರುತ್ತದೆ. ಯೀಸ್ಟ್ ತೆಗೆದ ವೇಳೆಯನ್ನು ಪ್ರತಿ ಪುಟದಲ್ಲೂ ಬರೆ.

ಈಗ ನಿನ್ನ ಪ್ರಶ್ನೆ. ಕಳಿಸು ಎಂದು ಬರೆದು ಲಕೋಟೆ ಅಂಟಿಸಿದ್ದೆ. ನಾನು ಕಳೆದುಕೊಂಡದ್ದನ್ನು ನೀನೂ ಕಳೆದುಕೊಳ್ಳಲಿ ಎಂದು ಮನಸಾರೆ ಬಯಸಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಹರಿದುಹಾಕಿದೆ. ನಿನ್ನ ಅವ್ವನ ಮುಖ ನೆನಪಾಗಿ ಹರಿದೆ ಎಂದುಕೊಳ್ಳಬೇಡ, ನಿನ್ನ ಅವ್ವನನ್ನು ನಾನು ನೋಡಿಯೇ ಇಲ್ಲ. ಬೇರೆ ಕಾರಣಕ್ಕೆ ಹರಿದೆ.

ಕಳಿಸುವವಳಾಗಿದ್ದರೆ ನೀನು ನನ್ನನ್ನು ಕೇಳುತ್ತಿರಲಿಲ್ಲ. ವರದಿಗೆ ಸಹಿ ಮಾಡುವಾಗ ಕೇಳಿದೆಯಾ? ನಿನ್ನ ಬದುಕನ್ನೆಲ್ಲ ಒಂದೊಂದಾಗಿ ನನ್ನ ಮುಂದೆ ಹರವಿ, ಆಮೇಲೆ ಕಳಿಸಲೇ ಎಂದು ಕೇಳಿದರೆ, ಬೇಡ ಎನ್ನುವುದು ಬಿಟ್ಟು ನನಗೆ ಯಾವ ದಾರಿ ಉಳಿಯಿತು? ಅದು ನಿನಗೂ ಗೊತ್ತಿತ್ತು. ಸರ್ ನಿನ್ನ ಮುಂದೆ ಎರಡು ಕಾಗದ ಇಟ್ಟರು ಎಂದು ನೀನೇ ಬರೆದಿದ್ದೆ. ನೀನು ನನ್ನ ಮುಂದೆ ಇಟ್ಟದ್ದೂ ಅದನ್ನೇ.

ವಿಶ್ವವಿದ್ಯಾಲಯಕ್ಕೆ ಬರೆಯಬೇಡ. ನನಗೂ ಇನ್ನು ಬರೆಯಬೇಡ.

ನೀಲಕ್ಕ